ಹಸುವಿನ ಹೊಟ್ಟೆಯ ಆಯಸ್ಕಾಂತ

ಸಿಟ್ಸ್ಕೆಗೆ ಹೊಸ ಟೀಚರಮ್ಮನ ಮೇಲೆ ನಂಬಿಕೆ ಇರಲಿಲ್ಲ. ಆ ಹುಡುಗಿ ರೆನ್ಸ್ಕೆ ಬಾಡಿಗೆಗಿದ್ದದ್ದು ಮೈದುನ ವೀಬ್ರೆನ್‌ನ ಮಹಡಿಯಲ್ಲಿ. ಅವನ ಮನೆ ಕಾಫಿ ಕುಡಿದವರು ಅವನ ಮಾತನ್ನೇ ಆಡುತ್ತಾರೆ ಎಂಬುದು ಸಿಟ್ಸ್ಕೆಯ ಅನಿಸಿಕೆ.

ಗಂಡ ಹೈಲ್ಕೆ ಚಳಿಗಾಲದಲ್ಲಿ ತೀರಿಹೋದ. ಪದ್ಧತಿಯಂತೆ ಶವದ ಪೆಟ್ಟಿಗೆಯನ್ನು ಇಗರ್ಜಿಯ ಸುತ್ತ ಮೂರು ಸಲ ಸುತ್ತಿಸಿದರು. ಮೂರನೇ ಸುತ್ತು ಮುಗಿಯುವ ಮೊದಲೇ ವೀಬ್ರೆನ್ ಅವಳ ಕಿವಿಯಲ್ಲಿ ಅಂದಿದ್ದ, “ಹಸುಗಳ ವಿಷಯ ಆಮೇಲೆ ಮಾತಾಡೋಣ ಅತ್ತಿಗೆ.” ಅಂದಿನಿಂದ ಅವನು ಅಂಗಳಕ್ಕೆ ಕಾಲಿಟ್ಟರೆ ಅವಳು ಹಸುಗಳನ್ನು ಎಣಿಸುತ್ತಿದ್ದಳು. ಅವನು ಹೋದ ಮೇಲೆ ಇನ್ನೊಮ್ಮೆ ಎಣಿಸುತ್ತಿದ್ದಳು.

ಅವಳು ಓದಿದವಳಲ್ಲ. ಶಾಲೆ ಬಿಡಿಸಿ ಹಾಲು ಕರೆಯಲು ಕೂರಿಸಿದ್ದರು. ಮದುವೆಯಾಗಿ ಬಂದದ್ದು ಇನ್ನೊಂದು ಕೊಟ್ಟಿಗೆಗೆ. ಮಕ್ಕಳಾಗಲಿಲ್ಲ. ಮಾತೆಲ್ಲ ಹೈಲ್ಕೆಯದು, ಕೆಲಸ ಇಬ್ಬರದು. ಅವನಿಲ್ಲದೆ ಉಳಿದದ್ದು ಈ ಹಸುಗಳು. ಅವೂ ಹೋದರೆ ಬೆಳಿಗ್ಗೆ ಏಳುವುದಾದರೂ ಯಾಕೆ?

ಈಗ ಯಾಂಟ್ಯೆ ಎಂಬ ಎಳೆಯ ಹಸು ಮೇವು ಬಿಟ್ಟಿತ್ತು. ಬೆನ್ನು ಗೂನಾಗಿತ್ತು, ಹೆಜ್ಜೆ ಇಟ್ಟರೆ ನರಳುತ್ತಿತ್ತು. ಹುಲ್ಲಿನ ರಾಶಿಯ ಹೊದಿಕೆ ಹಾರದಂತೆ ಹಳೆಯ ಟೈರು ಹೇರುತ್ತಾರೆ. ಟೈರು ಸವೆದರೆ ತಂತಿಯ ಚೂರು ಮೇವಿಗೆ ಬೀಳುತ್ತದೆ. ಹಸು ನುಂಗಿದರೆ ಅದು ಹೊಟ್ಟೆಯಿಂದ ಗುಂಡಿಗೆಯತ್ತ ಚುಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಹಸುಗಳಿಗೆ ಬೆರಳುದ್ದದ ಆಯಸ್ಕಾಂತ ನುಂಗಿಸುವುದು. ಅದು ಹೊಟ್ಟೆಯಲ್ಲೇ ಕೂತು ತಂತಿಯನ್ನು ಹಿಡಿದುಕೊಂಡಿರುತ್ತದೆ. ಹೋದ ಶರತ್ಕಾಲದಲ್ಲಿ ಹೈಲ್ಕೆ ಕೊಟ್ಟಿಗೆಯಿಂದ ಬಂದು, “ಆಯ್ತು, ಎಳೇವಕ್ಕೂ ಹಾಕ್ದೆ” ಅಂದಿದ್ದ.

“ಆಯಸ್ಕಾಂತ ಇದ್ದೂ ಹಿಂಗಾಗಿದೆ ಅಂದ್ರೆ ತಂತಿ ಗುಂಡಿಗೆ ಮುಟ್ಟಿದೆ ಅಂತಾನೇ. ಇನ್ನೇನೂ ಮಾಡೋಕಾಗಲ್ಲ,” ಎಂದ ವೀಬ್ರೆನ್. “ಗುರುವಾರ ಕಸಾಯಿಯವನ ಲಾರಿ ಬರುತ್ತೆ. ಹೇಳಿಟ್ಟಿದೀನಿ.”

“ಯಾರನ್ನ ಕೇಳಿ ಹೇಳ್ದೆ?”

“ನಿಮ್ಮ ಒಳ್ಳೇದಕ್ಕೇ ಅತ್ತಿಗೆ.”

ಮರುದಿನವೇ ರೆನ್ಸ್ಕೆ ಬಾಗಿಲಲ್ಲಿ ನಿಂತಿದ್ದಳು. “ಮಕ್ಕಳಿಗೆ ಆಯಸ್ಕಾಂತದ ಪಾಠ ನಡೀತಿದೆ. ಹಸುವಿನ ಹೊಟ್ಟೆಯಲ್ಲಿರೋದನ್ನ ಹೊರಗಿನಿಂದಾನೇ ಕಂಡುಹಿಡೀಬಹುದು. ನಿಮ್ಮ ಹಸುಗಳನ್ನ ತೋರಿಸ್ತೀರಾ?”

‘ನೋಡಿಕೊಂಡು ಬಾ ಅಂತ ಅವನೇ ಕಳಿಸಿದಾನೆ,’ ಎಂದುಕೊಂಡಳು ಸಿಟ್ಸ್ಕೆ. ಬೇಡ ಎಂದರೆ ಏನೋ ಮುಚ್ಚಿಡುತ್ತಾಳೆ ಅನ್ನುತ್ತಾರೆ. “ಬರ್ಲಿ. ಗೇಟು ಹಾಕ್ಕೊಂಡು ಬರ್ಲಿ,” ಎಂದಳು.

ಮಕ್ಕಳು ಬಂದರು. ಹಿಂದೆಯೇ ವೀಬ್ರೆನ್ ಕೂಡ ಬಂದ. ‘ನೋಡಿದೆಯಾ!’ ಎಂದಿತು ಅವಳ ಮನಸ್ಸು.

ರೆನ್ಸ್ಕೆ ಮರದ ಹಲಗೆಯ ಮೇಲೆ ಎರಡು ಹಸು-ಆಯಸ್ಕಾಂತ ಇಟ್ಟಳು. ಕೆಂಪು ಬಳಿದ ತುದಿಗೆ ಬಳಿಯದ ತುದಿ ತಂದರೆ ಟಪ್ಪೆಂದು ಅಂಟಿಕೊಂಡವು. ಕೆಂಪಿಗೆ ಕೆಂಪು ತಂದರೆ ಒಂದು ಜಾರಿ ದೂರ ಓಡಿತು.

“ಯಾಕೆ ಓಡ್ತು?”

“ಎರಡೂ ಒಂದೇ ಥರ, ಅದಕ್ಕೆ,” ಎಂದಳು ಬೌಕ್ಯೆ ಎಂಬ ಗಟ್ಟಿಬಾಯಿಯ ಹುಡುಗಿ. “ನಮ್ಮಮ್ಮ, ನಮ್ಮತ್ತೆ ಥರ.”

ವೀಬ್ರೆನ್ ನಕ್ಕ. ಸಿಟ್ಸ್ಕೆ ನಗಲಿಲ್ಲ.

ದಿಕ್ಸೂಚಿಯ ಮುಳ್ಳೂ ಪುಟ್ಟ ಆಯಸ್ಕಾಂತವೇ, ಹೊಟ್ಟೆಯೊಳಗಿನ ಆಯಸ್ಕಾಂತ ಅದರ ಒಂದು ತುದಿಯನ್ನು ಸೆಳೆದು ಇನ್ನೊಂದನ್ನು ತಳ್ಳುತ್ತದೆ, ಅದಕ್ಕೇ ತಿರುಗುತ್ತದೆ ಎಂದಳು ರೆನ್ಸ್ಕೆ. ಕೊಟ್ಟಿಗೆಯ ಕಬ್ಬಿಣದ ಕಂಬಿಗಳ ನಡುವೆ ಮುಳ್ಳು ದಿಕ್ಕೆಟ್ಟಿತು. ಹಸುಗಳನ್ನು ಹೊರಗೆ ಹುಲ್ಲುಗಾವಲಿಗೆ ಹೊಡೆದರು. ಮುದಿ ಹಸುವಿನ ಎಡ ಮುಂಗಾಲಿನ ಹಿಂದೆ, ಎದೆಯ ಕೆಳಗೆ ಬೌಕ್ಯೆ ದಿಕ್ಸೂಚಿ ಹಿಡಿದಳು. ಮುಳ್ಳು ಗಿರ್ರನೆ ತಿರುಗಿತು. ಮಕ್ಕಳ ಕೂಗಿಗೆ ಹಸು ಸಗಣಿ ಹಾಕಿತು.

ಯಾಂಟ್ಯೆಯ ಕೆಳಗೆ ಹಿಡಿದಳು. ಮುಳ್ಳು ಅಲುಗಲಿಲ್ಲ.

“ಸರಿಯಾಗಿ ಹಿಡಿ.”

“ಸರಿಯಾಗೇ ಹಿಡಿದಿದೀನಿ ಟೀಚರ್. ಇದರಲ್ಲಿಲ್ಲ.”

ಪಕ್ಕದ ಎಳೆಯದರಲ್ಲೂ ಇಲ್ಲ. ಇನ್ನೊಂದರಲ್ಲೂ ಇಲ್ಲ.

ಸಿಟ್ಸ್ಕೆ ವೀಬ್ರೆನ್ ಕಡೆ ತಿರುಗಿದಳು. “ನೀನೇ ತೆಗೆದಿಟ್ಟಿದೀಯ. ಹಸು ಸಾಯ್ಲಿ, ಇವಳ ಕೈಲಿ ಆಗಲ್ಲ ಅಂತ ಊರೆಲ್ಲ ಅನ್ಲಿ ಅಂತ.”

“ಹೊಟ್ಟೆಗೆ ಹೋದದ್ದನ್ನ ಹೆಂಗೆ ತೆಗೀಲಿ? ತೆಗೆದು ಏನ್ ಮಾಡ್ಲಿ, ನಾನು ನುಂಗ್ಲಾ?” ಅವನ ಮುಖ ಕೆಂಪಾಗಿತ್ತು. “ಹಾಕಿದೀನಿ ಅಂತ ಅಣ್ಣ ನನಗೂ ಹೇಳಿದ್ದ. ನಾನೂ ನಂಬಿದ್ದೆ.”

ಸಿಟ್ಸ್ಕೆ ಅವನ ಕಣ್ಣು ನೋಡಿದಳು. ಸುಳ್ಳು ಸಿಗಲಿಲ್ಲ. ಮತ್ತೆ ನೋಡಿದಳು. ಆಗಲೂ ಸಿಗಲಿಲ್ಲ.

ಒಂದು ತೋಳಲ್ಲಿ ಹಸುವಿನ ತಲೆ ಎತ್ತಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ನುಂಗಿಸುವ ಕೊಳವೆಯನ್ನು ಗಂಟಲವರೆಗೆ ಒತ್ತಬೇಕು. ಹೋದ ಶರತ್ಕಾಲದಲ್ಲಿ ಹೈಲ್ಕೆ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದ. ಚಳಿಗೆ ಎಂದಿದ್ದ. ಅಂಗಿಯ ಮೇಲಿನ ಗುಂಡಿ ಹಾಕುತ್ತಿರಲಿಲ್ಲ. ಸೆಕೆಗೆ ಎಂದಿದ್ದ. ಚಳಿಯೂ ಸೆಕೆಯೂ ಒಂದೇ ದಿನ. ಕೈ ನಡುಗುತ್ತಿದೆಯಾ ಎಂದು ಅವಳು ಕೇಳಲಿಲ್ಲ. ಊರಲ್ಲಿ ಎಲ್ಲರ ಮೇಲೂ ಅನುಮಾನ ಪಟ್ಟವಳು ಅವನೊಬ್ಬನನ್ನು ಬಿಟ್ಟಿದ್ದಳು.

“ಸುಳ್ಳುಬುರುಕ,” ಎಂದಳು. ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಕೈ ಚಾಚಿದಳು. “ಟೀಚರಮ್ಮ, ಆ ಆಯಸ್ಕಾಂತ ಕೊಡು.”

“ಅದು ನಮ್ಮ ಶಾಲೇದು!” ಎಂದಳು ಬೌಕ್ಯೆ.

“ಹಸು ಸತ್ತ ದಿನ ಬಂದು ತಗೊಂಡು ಹೋಗು.”

ರೆನ್ಸ್ಕೆ ಎರಡನ್ನೂ ಕೊಟ್ಟಳು. “ತಂತಿ ಇನ್ನೂ ಪೂರ್ತಿ ಚುಚ್ಚಿರದಿದ್ರೆ ಹಿಡಿದು ವಾಪಸ್ ಎಳೀಬಹುದು. ಗ್ಯಾರಂಟಿ ಇಲ್ಲ. ಡಾಕ್ಟರನ್ನೂ ಕರೀರಿ,” ಎಂದಳು. ಸಕ್ಕರೆ ಸವರಿದ ಮಾತಲ್ಲ. ಸಿಟ್ಸ್ಕೆಗೆ ಅದು ಹಿಡಿಸಿತು.

“ವೀಬ್ರೆನ್, ತಲೆ ಹಿಡ್ಕೋ.”

ಅವನು ಯಾಂಟ್ಯೆಯ ಕತ್ತನ್ನು ತೋಳಲ್ಲಿ ಸುತ್ತಿದ. ಕೊಳವೆ ಒತ್ತಿದ್ದು ಸಿಟ್ಸ್ಕೆ. ಅವಳ ಕೈಯೂ ನಡುಗಿತು, ಆದರೆ ಬಿಡಲಿಲ್ಲ. ಹಸು ನುಂಗಿತು. ಎರಡನೆಯದು ಪಕ್ಕದ ಎಳೆಯದಕ್ಕೆ ಹೋಯಿತು.

ವೀಬ್ರೆನ್ ಜೊಲ್ಲು ಒರೆಸಿಕೊಂಡ. “ಲಾರಿಯವನಿಗೆ ಬೇಡ ಅಂತ ಸಂಜೆ ಹೇಳ್ತೀನಿ ಅತ್ತಿಗೆ.”

“ಸಂಜೆ ಬೇಡ. ಈಗ. ನನ್ನ ಮುಂದೇನೇ ಫೋನ್ ಮಾಡು.”

ಅವನು ಮಾಡಿದ. ಆ ಕಡೆಯವನ ದನಿ ತನ್ನ ಕಿವಿಗೂ ಬೀಳಲಿ ಎಂದು ಅವಳು ಹತ್ತಿರ ಹೋಗಿ ನಿಂತಳು.