ಖಾಲಿ ಹಿಂಗಾಜು

ನವೆಂಬರ್ ಬಂತೆಂದರೆ ಕೆಂಟಕಿಯ ಗುಡ್ಡದ ಆ ಸಾಮಿಲ್ಲಿಗೆ ಅರ್ಧ ಜನ ಕಾಡಿನಿಂದಲೇ ನೇರವಾಗಿ ಬರುತ್ತಿದ್ದರು. ಬೆಳಕು ಹರಿಯುವ ಮುಂಚೆ ಜಿಂಕೆಗೆ ಕಾದು ಕೂತು, ಸಿಕ್ಕಿತೋ ಬಿಟ್ಟಿತೋ, ಬೂಟಿನ ಕೆಸರಿನ ಸಮೇತ ಹಾಜರಿ. ಹೊರಗಿನ ಬಯಲಲ್ಲಿ ಪಿಕಪ್‌ಗಳು ಮಂಜಿನೊಳಗೆ ದನಗಳ ಹಾಗೆ ತೂಕಡಿಸುತ್ತಾ ನಿಂತಿರುತ್ತಿದ್ದವು. ಒಂದೊಂದರ ಹಿಂಗಾಜಿಗೂ, ಅಂದರೆ ಸೀಟಿನ ಹಿಂದಿನ ಕಿಟಕಿಗೂ, ಅಡ್ಡಲಾಗಿ ಒಂದೊಂದು ಕೋವಿ. ಬೀಗದ ಮಾತೇ ಇಲ್ಲ. ದಿಮ್ಮಿಯ ಲಾರಿ ಬಂದಾಗ ಯಾರ ಗಾಡಿಯನ್ನಾದರೂ ಯಾರಾದರೂ ಸರಿಸಬೇಕಲ್ಲ! ಬೀಗ ಹಾಕಿದರೆ ಜೊತೆಯವರನ್ನು ಕಳ್ಳರೆಂದು ಬೈದ ಹಾಗೆ.

ಹಾರ್ಲನ್ ಅಲ್ಲೇ ಹಲಗೆ ಕೊಯ್ದು ಕೊಯ್ದು ತಲೆ ನರೆತವನು. ಕೆಲಸದಲ್ಲೂ ಅರ್ಧ ಕನಸು. ಗರಗಸದ ಅಬ್ಬರದೊಳಗೆ ಅವನಿಗೆ ಕಾಡಿನ ಮೌನ ಕೇಳುತ್ತಿತ್ತು, ಹಾರುವ ಮರದ ಪುಡಿ ಬಂಗಾರದ ಎಲೆಗಳಾಗಿ ಉದುರುತ್ತಿತ್ತು. ಹಲಗೆಯ ಇನ್ನೊಂದು ತುದಿ ಹಿಡಿಯುತ್ತಿದ್ದವನು ಎಸ್ಟಿಲ್, ಬಾಲ್ಯದ ಗೆಳೆಯ. ಬೇಸಿಗೆಯಲ್ಲಿ ಅವನ ಹೆಂಡತಿ ತೀರಿಕೊಂಡಿದ್ದಳು. ಆಮೇಲೆ ಅವನು ಊಟದ ಡಬ್ಬಿ ತರುವುದನ್ನೇ ಬಿಟ್ಟ. ಊಟದ ಹೊತ್ತಿನಲ್ಲಿ ಹಾರ್ಲನ್‌ನ ಪಿಕಪ್‌ನಲ್ಲಿ ಒಬ್ಬನೇ ಹೋಗಿ ಮಲಗುತ್ತಿದ್ದ.

"ಅಲ್ಲಿ ಭಾರಿ ಹಾಯಾಗಿರುತ್ತೆ ಕಣೋ," ಎಂದ ಒಮ್ಮೆ. "ಹಾಗೇ ಏಳದೇ ಇದ್ಬಿಟ್ರೆ ಸಾಕು ಅನ್ಸುತ್ತೆ."

ಹಾರ್ಲನ್ ಪಿಕಪ್‌ನತ್ತ ತಿರುಗಿ ನೋಡಿದ. ಅಲ್ಲಿ ಮಲಗುವವನ ತಲೆಯ ಮೇಲೆಯೇ ಕೋವಿ ತೂಗುತ್ತಿತ್ತು. ಹಾರ್ಲನ್‌ನ ಅಪ್ಪ ಬಿಟ್ಟುಹೋದ ಕೋವಿ.

ಮರುದಿನ ಅವನು ಹಿಂದಿನ ಸೀಟಿನ ಕೆಳಗೆ ಉದ್ದನೆಯ ಉಕ್ಕಿನ ಪೆಟ್ಟಿಗೆ ಬಿಗಿಸಿಕೊಂಡು ಬಂದ. ಕೋವಿ ಒಳಗೆ, ಬೀಗದ ಕೈ ಅವನ ಕೊರಳಲ್ಲಿ. ಬಾಗಿಲನ್ನು ಮಾತ್ರ ಎಂದಿನಂತೆ ತೆರೆದೇ ಬಿಟ್ಟ.

ದಿಮ್ಮಿ ಲೆಕ್ಕ ಹಾಕುವ ಓನೀಡಾ ಬಿಡುತ್ತಾಳೆಯೇ? "ಏನಣ್ಣಾ, ಇಷ್ಟು ವರ್ಷ ಆದ್ಮೇಲೆ ನಾವೆಲ್ಲ ಕಳ್ಳರಾಗ್ಬಿಟ್ವಾ?"

"ಕೋವಿಗೆ ಚಳಿಯಂತೆ ಕಣಮ್ಮ."

ಎಲ್ಲರೂ ನಕ್ಕರು. ಎಸ್ಟಿಲ್ ನಗಲಿಲ್ಲ. ಮಧ್ಯಾಹ್ನ ಪಿಕಪ್‌ನಲ್ಲಿ ಮಲಗಿ, ಖಾಲಿ ಹಿಂಗಾಜನ್ನು ನೋಡುತ್ತಲೇ ಇದ್ದ. ಗಾಜಿನಾಚೆ ಬರೀ ಆಕಾಶ. ಎದ್ದು ಬಂದವನು ಸಂಜೆಯವರೆಗೆ ಹಾರ್ಲನ್‌ನ ಮುಖ ನೋಡದೆ ಹಲಗೆ ಹಿಡಿದ. ಗೆಳೆಯನನ್ನು ಉಳಿಸಿಕೊಳ್ಳಲು ಹೋಗಿ ಕಳೆದುಕೊಂಡೆನೋ ಏನೋ ಎಂದು ಹಾರ್ಲನ್‌ಗೆ ಸಂಕಟವಾಯಿತು.

ಮಾರನೆಯ ಬೆಳಿಗ್ಗೆ ಮಂಜು ಇನ್ನೂ ದಟ್ಟ. ಅದರೊಳಗಿಂದ ಎಸ್ಟಿಲ್ ಕಂಡ, ಹೆಂಡತಿ ಹೊಲಿದ ಕೌದಿಯಲ್ಲಿ ಏನನ್ನೋ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡು ಬರುತ್ತಿದ್ದ.

"ನಿನ್ ಪೆಟ್ಟಿಗೇಲಿ ಇನ್ನೊಂದಕ್ಕೆ ಜಾಗ ಇದ್ಯೇನೋ?"

"ಇದೆ."

"ನಾನು ಕೇಳಿದ್ರೂ ಬೀಗದ ಕೈ ಕೊಡ್ಬೇಡ."

"ಕೊಡಲ್ಲ. ರಾತ್ರಿ ಮನೇಲಿ ಒಬ್ನೇ ಇರ್ಬೇಡ, ನಮ್ಮನೆಗೆ ಬಾ."

ಎಸ್ಟಿಲ್ ತಲೆಯಾಡಿಸಿದ. ಹಾರ್ಲನ್ ಕೌದಿ ಬಿಚ್ಚಿ, ಒಳಗಿದ್ದ ಎಸ್ಟಿಲ್‌ನ ಕೋವಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕತೊಡಗಿದ. ಎಸ್ಟಿಲ್ ಕೌದಿಯನ್ನು ಹೆಗಲಿಗೆ ಹೊದ್ದುಕೊಂಡು ಕಾದ.

"ಊಟಕ್ಕೇನ್ ತಂದಿದೀಯ?" ಎಂದು ಕೇಳಿದ.