ಇಸ್ತಾಂಬುಲಿನ ಒಂದು ಗಂಟೆ

ಲೋಕದ ಯಾವ ಊರಲ್ಲಿ ಈಗ ಗಂಟೆ ಎಷ್ಟು ಎಂದು ತಿಳಿಯಬೇಕಾದರೆ ಹೊಸಂಗಡಿಯವರು ಪಂಕಜಾಕ್ಷಿಯನ್ನು ಕೇಳುತ್ತಿದ್ದರು. ಹೆದ್ದಾರಿಯ ಬದಿಯಲ್ಲಿ ಅವಳದೊಂದು ಅಂಗಡಿ: ಎರಡು ಹಳೆ ಕಂಪ್ಯೂಟರು, ಒಂದು ಪ್ರಿಂಟರು, ಒಂದು ಜೆರಾಕ್ಸ್. ಗಲ್ಫಿನಲ್ಲಿ ಗಂಡನೋ ಮಗನೋ ಇರುವ ಹೆಂಗಸರು ಬಾಗಿಲಲ್ಲಿ ನಿಂತು, "ಪಂಕಜಕ್ಕ, ಅಲ್ಲಿ ಈಗ ಎದ್ದಿರ್ತಾರಾ?" ಎನ್ನುವರು. ಕಂಪ್ಯೂಟರಿನ ಮೂಲೆಯಲ್ಲಿ ಆರು ಊರುಗಳ ಗಡಿಯಾರ ಸಾಲಾಗಿ ಇಟ್ಟವಳು ಅವಳೇ, ಯಾರೂ ಹೇಳಿಕೊಟ್ಟದ್ದಲ್ಲ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡಲು ಬೇರೆ ಎಂತ ಇತ್ತು ಅವಳಿಗೆ?

ಆರನೆಯ ಗಡಿಯಾರ ಇಸ್ತಾಂಬುಲಿನದು. ಗಂಡ ಯೋಗೀಶ ಸರಕು ಹಡಗಿನಲ್ಲಿ ಫಿಟ್ಟರು. ಹಡಗಿನ ಮಾಲಕ ಕೈಯೆತ್ತಿ ಹೋದ ಮೇಲೆ, ೨೦೧೬ರ ಜುಲೈಯಿಂದ ಹಡಗೂ ಹಡಗಿನವರೂ ಆ ಬಂದರಿನಲ್ಲಿ ಸಿಕ್ಕಿಬಿದ್ದಿದ್ದರು. ವಾರಕ್ಕೊಮ್ಮೆ, ಭಾನುವಾರ, ಬಂದರಿನ ಕಚೇರಿಯಲ್ಲಿ ಒಬ್ಬೊಬ್ಬನಿಗೆ ಹದಿನೈದು ನಿಮಿಷ ಇಂಟರ್‌ನೆಟ್ ಕೊಡುತ್ತಿದ್ದರು. ಯೋಗೀಶನ ಸರದಿ ಅಲ್ಲಿಯ ಎರಡು ಗಂಟೆಗೆ, ಎಂದರೆ ಇಲ್ಲಿಯ ನಾಲ್ಕೂವರೆಗೆ.

ಇತ್ತ ಯೋಗೀಶನ ಅಪ್ಪ ಬಟ್ಯನಿಗೆ ಹೊಟ್ಟೆಯಲ್ಲಿ ಗಡ್ಡೆ. ಅಕ್ಟೋಬರಿನಲ್ಲಿ ಆಸ್ಪತ್ರೆಯವರು, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕಳಿಸಿದರು. ಅದರ ಅರ್ಥ ಬಟ್ಯನಿಗೂ ಗೊತ್ತಾಯಿತು. ಅಷ್ಟರವರೆಗೆ ಆ ಕಂಪ್ಯೂಟರು ಪೆಟ್ಟಿಗೆಯ ಎದುರು ಕೂರುವುದಿಲ್ಲ ಎನ್ನುತ್ತಿದ್ದ ಮುದುಕ ತಾನಾಗಿ ಸೊಸೆಗೆ ಹೇಳಿದ: "ಈ ಸಲ ನನ್ನನ್ನೂ ಕರ್ಕೊಂಡು ಹೋಗು ಮಗಾ. ಒಮ್ಮೆ ಅವನ ಮೋರೆ ನೋಡಿ ಮಾತಾಡ್ಬೇಕು."

ಆ ಭಾನುವಾರ ಅಕ್ಟೋಬರ್ ಮೂವತ್ತು, ದೀಪಾವಳಿ. ಬೆಳಿಗ್ಗೆ ಕ್ಯಾಮರಾ ಸರಿ ಉಂಟೋ ಎಂದು ನೋಡಲು ಅಂಗಡಿಗೆ ಹೋದ ಪಂಕಜಾಕ್ಷಿಗೆ ಇಸ್ತಾಂಬುಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋದದ್ದು ಕಾಣಿಸಿತು. ಅವಳಿಗೇನೂ ಆಶ್ಚರ್ಯವಾಗಲಿಲ್ಲ. ಚಳಿಗಾಲ ಬಂತೆಂದು ಆ ಕಡೆಯ ದೇಶದವರು ಗಡಿಯಾರ ಹಿಂದಿಡುತ್ತಾರೆ, ಕಂಪ್ಯೂಟರು ಅದನ್ನು ತಾನೇ ನೋಡಿಕೊಳ್ಳುತ್ತದೆ. ಮನೆಗೆ ಬಂದು, "ಇವತ್ತು ನಾಲ್ಕೂವರೆ ಅಲ್ಲ ಮಾವ, ಐದೂವರೆ" ಎಂದಳು.

"ಪ್ರತೀ ವಾರ ನಾಲ್ಕೂವರೆ ಅಲ್ವಾ? ಆಗಲೇ ಹೋಗಿ ಕೂರುವ."

"ಅಲ್ಲಿ ಒಂದು ಗಂಟೆ ಸುಮ್ಮನೆ ಬೆಂಚಿನಲ್ಲಿ ಕೂತರೆ ನಿಮಗೆ ನೋವು ಜಾಸ್ತಿ ಆಗ್ತದೆ. ನನಗೆ ಗೊತ್ತುಂಟು, ಹೇಳಿದ್ದು ಕೇಳಿ."

ಕೇಳಿದ, ಪಾಪ. ಐದಕ್ಕೆ ಖಾಲಿದನ ರಿಕ್ಷಾದಲ್ಲಿ ಹೋದರು. ಖಾಲಿದ್ ಮುದುಕನನ್ನು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದ. ಪಂಕಜಾಕ್ಷಿ ಕಂಪ್ಯೂಟರು ತೆರೆದಳು. ನಾಲ್ಕೂವರೆಯಿಂದ ಐದು ಸಲ ಬಂದ ಕರೆ. ಕೆಳಗೆ ಯೋಗೀಶನ ಸಂದೇಶ: "ಎಲ್ಲಿದ್ದಿ? ಎರಡು ಗಂಟೆ ದಾಟಿತು. ಅಪ್ಪ ಬರ್ತಾರೆ ಅಂದಿದ್ದಿ. ನನ್ನ ಸರದಿ ಮುಗೀತು."

ಮೂಲೆಯ ಗಡಿಯಾರ ಇಸ್ತಾಂಬುಲಿನಲ್ಲಿ ಇನ್ನೂ ಒಂದೂವರೆ ಎನ್ನುತ್ತಿತ್ತು.

ಹುಡುಕಿದಾಗ ಸಿಕ್ಕಿತು: ಈ ವರ್ಷದಿಂದ ಟರ್ಕಿಯವರು ಗಡಿಯಾರ ಹಿಂದಿಡುವುದನ್ನೇ ಬಿಟ್ಟಿದ್ದಾರೆ. ಯಾವ ದೇಶದ ಸಮಯ ಯಾವಾಗ ಹೇಗೆ ಬದಲಾಗುತ್ತದೆ ಎಂಬ ಪಟ್ಟಿಯೊಂದು ಕಂಪ್ಯೂಟರಿನ ಒಳಗೆ ಇರುತ್ತದೆ, ಸರಕಾರಗಳು ಮನಸ್ಸು ಬದಲಿಸಿದಾಗಲೆಲ್ಲ ಹೊಸ ಪಟ್ಟಿ ಹಾಕಬೇಕು. ತನ್ನಷ್ಟಕ್ಕೆ ಬರುವ ಅಂಥ ಅಪ್‌ಡೇಟುಗಳನ್ನೆಲ್ಲ ಮೂರು ವರ್ಷದ ಹಿಂದೆ ನಿಲ್ಲಿಸಿದವಳು ಅವಳೇ. ಒಮ್ಮೆ ಅಪ್‌ಡೇಟ್ ಆದ ಮೇಲೆ ಮಲಯಾಳದ ಅಕ್ಷರಗಳೆಲ್ಲ ಒಡೆದು, ಅವಳು ಟೈಪು ಮಾಡಿದ ಅರ್ಜಿಗಳನ್ನು ಹಿಡಿದು ವಿದ್ಯಾನಗರದ ಕಲೆಕ್ಟರ್ ಕಚೇರಿಗೆ ಹೋದವರು ಬಸ್ಸು ಹತ್ತಿ ವಾಪಸು ಬಂದು ಬೈದಿದ್ದರು. ಒಂದೇ ಯಂತ್ರದಲ್ಲಿ ಕನ್ನಡವೂ ಮಲಯಾಳವೂ ಸರಿಯಾಗಿ ಮೂಡಬೇಕಾದ ಗಡಿಯ ಊರಲ್ಲಿ ಅವಳು ಮತ್ತೆಂತ ಮಾಡಬೇಕಿತ್ತು? ಅಕ್ಷರ ಉಳಿಯಿತು, ಸಮಯ ಹೋಯಿತು.

ಹೊಸ ಪಟ್ಟಿ ಹಾಕಲು ಕೂತಳು. ಆಜ್ಞೆ ಕೊಟ್ಟರೆ, ಈ ಹಳೆ ವ್ಯವಸ್ಥೆಗೆ ಇನ್ನು ಏನೂ ಸಿಗುವುದಿಲ್ಲ ಎಂದಿತು ಕಂಪ್ಯೂಟರು. ಮೂಲ ಕಡತವನ್ನೇ ಇಳಿಸಿ, ಕೈಯಾರೆ ಜೋಡಿಸಿ, ಹಳೆಯದರ ಜಾಗದಲ್ಲಿ ಇಟ್ಟಳು. ಎರಡು ಸಲ ತಪ್ಪಿತು. ಇದರಿಂದ ಹೋದ ಕರೆ ತಿರುಗಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ತಿರುಗಿ ಕುಳಿತು ಮಾವನ ಮೋರೆ ನೋಡುವ ಧೈರ್ಯ ಇರಲಿಲ್ಲ, ಅಷ್ಟೆ. ಮೂರನೆಯ ಸಲಕ್ಕೆ ಇಸ್ತಾಂಬುಲ್ ಒಂದು ಗಂಟೆ ಮುಂದೆ ಹಾರಿತು.

"ಬಂದನಾ?" ಎಂದ ಬಟ್ಯ.

ಮುಂದಿನ ಭಾನುವಾರದವರೆಗೆ ಈ ಜೀವ ನಿಲ್ಲುವುದಿಲ್ಲ ಎಂದು ಉಸಿರಿಗೊಮ್ಮೆ ಗುಳಿ ಬೀಳುವ ಅವನ ಕುತ್ತಿಗೆ ನೋಡಿದರೇ ತಿಳಿಯುತ್ತಿತ್ತು. ಪಂಕಜಾಕ್ಷಿ ಕ್ಯಾಮರಾ ಹಾಕಿ ರೆಕಾರ್ಡಿಂಗ್ ಒತ್ತಿದಳು. "ಬಂದರು ಮಾವ. ನೆಟ್ಟು ಸರಿ ಇಲ್ಲ, ಅವರ ಮೋರೆಯೂ ಸ್ವರವೂ ನಮಗೆ ಬರುವುದಿಲ್ಲ. ನಿಮ್ಮದು ಅವರಿಗೆ ಮುಟ್ತದೆ. ಮಾತಾಡಿ."

ಬಟ್ಯ ಮುಂದಕ್ಕೆ ಬಾಗಿದ. "ಯೋಗೀಶಾ, ಎಂತ ಊಟ ಮಾಡಿದ್ದು ಮಗಾ?" ಎಂದು ಕೇಳಿ, ಮಗ ಉತ್ತರ ಹೇಳಿ ಮುಗಿಸುವಷ್ಟು ಹೊತ್ತು ಕಾದ. "ಅಲ್ಲಿ ಚಳಿ ಉಂಟಾ?" ಮತ್ತೆ ಕಾದ. "ನನ್ನ ಮೇಲೆ ಸಿಟ್ಟು ಉಂಟಾ? ಸಣ್ಣದಿರುವಾಗ ತುಂಬ ಹೊಡೆದಿದ್ದೇನೆ." ಈ ಸಲ ಬಹಳ ಹೊತ್ತು ಕಾದ. ಬಾಗಿಲಲ್ಲಿ ನಿಂತಿದ್ದ ಖಾಲಿದ್ ಮುಖ ತಿರುಗಿಸಿ ರಿಕ್ಷಾದ ಕಡೆಗೆ ಹೋದ. ಆ ರೆಕಾರ್ಡಿಂಗನ್ನು ಪಂಕಜಾಕ್ಷಿ ಯೋಗೀಶನಿಗೆ ಕಳಿಸಿಟ್ಟಳು.

ಗುರುವಾರ ಬೆಳಿಗ್ಗೆ ಬಟ್ಯ ತೀರಿಹೋದ. ಬರೆದು ತಿಳಿಸಲು ಅವಳಿಗೆ ಮನಸ್ಸಾಗಲಿಲ್ಲ, ಬಾಯಲ್ಲೇ ಹೇಳಬೇಕೆಂದು ಇಟ್ಟುಕೊಂಡಳು.

ಭಾನುವಾರ ನಾಲ್ಕೂವರೆಗೆ ಸರಿಯಾಗಿ ಕರೆ ಬಂತು. ಯೋಗೀಶ ನಗುತ್ತಿದ್ದ. "ಅಪ್ಪನ ವೀಡಿಯೊವನ್ನು ಜೊತೆಯವನ ಸರದಿಯಲ್ಲಿ ಈಗಷ್ಟೇ ನೋಡಿದೆ ಮಾರಾಯ್ತಿ. ಕೇಳಿ ಕೇಳಿ ನಿಲ್ಲಿಸಿದ್ದಾರೆ! ಎಲ್ಲದಕ್ಕೂ ಉತ್ತರ ಬರ್ಕೊಂಡಿದ್ದೇನೆ, ಕರಿ ಅವರನ್ನು" ಎಂದವನೇ, ಅವಳು ಬಾಯಿ ತೆರೆಯುವ ಮೊದಲೇ ಚೀಟಿ ಬಿಡಿಸಿ ಓದತೊಡಗಿದ. "ಅನ್ನ, ಬೀನ್ಸ್ ಸಾರು. ಚಳಿ ಈಗ ಶುರು ಆಯ್ತು ಅಪ್ಪಾ. ಸಿಟ್ಟು ಎಂತದೂ ಇಲ್ಲ..."

ಪಂಕಜಾಕ್ಷಿ ತಡೆಯಲಿಲ್ಲ. ಕೊನೆಯ ಸಾಲಿನವರೆಗೂ ಓದಲು ಬಿಟ್ಟು, ಉಳಿದ ಹತ್ತು ನಿಮಿಷದಲ್ಲಿ ಗುರುವಾರದ ಸಂಗತಿ ಹೇಳಿದಳು.