ಜೀಪು ಕೆಳಗಿಳಿದ ಮೇಲೆ

ಅಮೀನಗಡ ದಾಟಿ ಸ್ವಲ್ಪ ದೂರ ಹೋಗಿದ್ದೆವು. ರಸ್ತೆಯ ಸಣ್ಣ ಗುಂಡಿಯೊಂದಕ್ಕೆ ಮುಂದಿನ ಚಕ್ರ ಇಳಿದು ಎದ್ದಿತು, ಅಷ್ಟೇ. ನನ್ನ ಕೈಯಲ್ಲಿದ್ದ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಬಡಿದಾಡತೊಡಗಿತು. ಇಡೀ ಜೀಪು ಗಡಗಡ ನಡುಗಿತು. ಆಗಷ್ಟೇ ಕೊಂಡಿದ್ದ ಕರದಂಟಿನ ಡಬ್ಬಿ ಡ್ಯಾಶ್‌ಬೋರ್ಡ್ ಮೇಲಿಂದ ಜಾರಿ ಬಿತ್ತು.

“ಬ್ರೇಕ್ ಜೋರ ತುಳಿಬ್ಯಾಡ,” ಎಂದ ಪಕ್ಕದಲ್ಲಿ ಕುಳಿತಿದ್ದ ಶಿವಾನಂದ. “ಎಕ್ಸಲೇಟರ್ ಬಿಡು. ಗಟ್ಟಿ ಹಿಡಿ. ತಾನ ನಿಲ್ಲತೈತಿ.”

ನಿಂತಿತು. ಗಾಡಿಯನ್ನು ರಸ್ತೆಯ ಬದಿಗೆ ತಂದೆ. (ಹುನಗುಂದದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು ನಾನು. ನನ್ನ ಸ್ಕೂಟರ್ ಯಾವತ್ತೂ ಇಷ್ಟು ಸಿಟ್ಟಿಗೆದ್ದಿಲ್ಲ.)

“ಇದೇನೋ ಇದು, ಒಮ್ಮೆಲೇ?”

“ಒಮ್ಮೆಲೇ ಅಲ್ಲ ಲೇ. ಮೊದಲಿನಿಂದ ಹಿಂಗ ಐತಿ. ನಾ ಹಿಡಿದಿರತಿದ್ನಿ, ನಿಮಗ ಗೊತ್ತಾಗತಿದ್ದಿಲ್ಲ.”

ಹಾಗೆಂದವನು ತನ್ನ ಬಲಗೈ ನೋಡಿಕೊಂಡ. ಅದು ತೊಡೆಯ ಮೇಲೆ ಸುಮ್ಮನೆ ಮಲಗಿತ್ತು.

ಶಿವಾನಂದ ನನ್ನ ಸಾಲೆಯ ಗೆಳೆಯ. ಇಳಕಲ್ಲಿನಲ್ಲಿ ಗ್ರಾನೈಟ್ ವ್ಯಾಪಾರ. ವಾರವಿಡೀ ಕಲ್ಲಿನ ನಡುವೆ ಇರುವವನಿಗೆ ಭಾನುವಾರವೂ ಕಲ್ಲೇ ಬೇಕು. ಅದಕ್ಕೇ ಹಳೆಯ ಜೀಪೊಂದನ್ನು ಕೊಂಡು, ಅದರ ಸ್ಪ್ರಿಂಗ್ ಎತ್ತರಿಸಿ, ದೊಡ್ಡ ಟೈರ್ ಹಾಕಿಸಿದ. ಬಾದಾಮಿಯ ಸುತ್ತಲಿನ ಕೆಂಪು ಗುಡ್ಡಗಳಲ್ಲಿ ಆಡು ಹತ್ತುವ ದಾರಿಯಲ್ಲೂ ನುಗ್ಗಿಸುತ್ತಿದ್ದ. ನಾನು ಕಣ್ಣು ಮುಚ್ಚಿ ಪಕ್ಕದಲ್ಲಿ ಕುಳಿತಿರುತ್ತಿದ್ದೆ.

ಕಳೆದ ವರ್ಷ ಅವನಿಗೆ ಲಕ್ವಾ ಹೊಡೆಯಿತು. ಮಾತು ಮರಳಿ ಬಂತು. ಕಾಲೂ ಬಹುಮಟ್ಟಿಗೆ ಬಂತು. ಬಲಗೈ ಬರಲಿಲ್ಲ. ರಸ್ತೆಯ ಮೇಲೆ ಗಾಡಿ ಓಡಿಸುವಂತಿಲ್ಲ ಎಂದರು ಡಾಕ್ಟರು. ಅವನು ವಾದ ಮಾಡಲಿಲ್ಲ. ಆದರೆ ಸಂಜೆಯಾದರೆ ಅಂಗಳದಲ್ಲಿ ನಿಂತ ಜೀಪಿನ ಪಕ್ಕ ಕುರ್ಚಿ ಹಾಕಿಕೊಂಡು ಕೂಡತೊಡಗಿದ. ಮಾತಿಲ್ಲ, ಮೊಬೈಲಿಲ್ಲ. ಬರೀ ಕೂಡುವುದು. ಕೊನೆಗೆ ಅವನ ಹೆಂಡತಿ ಸುಮಂಗಲಾ ಅವರೇ ನನಗೆ ಫೋನ್ ಮಾಡಿದರು. “ಅಣ್ಣಾರ, ಯಾವದರ ಖಾಲಿ ಹೊಲದಾಗ ಒಂದ ಸಲ ಸ್ಟೀರಿಂಗ್ ಹಿಡಿಯಲ್ರಿ ಇವರು. ನೀವು ಬಾಜೂಕ ಇರ್ರಿ.”

ಹಾಗೆ ಬಾದಾಮಿಯ ಕಡೆಗೆ ಹೊರಟವರು ನಾವು. ಅವನನ್ನು ಜೀಪಿಗೆ ಹತ್ತಿಸಿದ್ದೇ ಒಂದು ಕಥೆ. ಸುಮಂಗಲಾ ಪ್ಲಾಸ್ಟಿಕ್ ಸ್ಟೂಲ್ ಹಿಡಿದರು, ನಾನು ಹಿಂದಿನಿಂದ ನೂಕಿದೆ. ಅವನು ಹಲ್ಲು ಕಚ್ಚಿಕೊಂಡು ಆಕಾಶ ನೋಡುತ್ತಿದ್ದ.

ಗುಂಡಿಯ ಪ್ರಸಂಗ ಆದ ಮೇಲೆ ಹಿಂದಿನ ಸೀಟಿನಿಂದ ಸುಮಂಗಲಾ ಒಂದೇ ಮಾತು ಹೇಳಿದರು. “ಇದು ರಿಪೇರಿ ಆಗೂತನಕ ಇವರು ಮುಟ್ಟಂಗಿಲ್ಲ.” ಬಾದಾಮಿಯ ಆಸೆ ಬಿಟ್ಟು, ಎತ್ತಿನಗಾಡಿಯ ವೇಗದಲ್ಲಿ ಬಾಗಲಕೋಟೆಗೆ ಹೋದೆವು.

ಚಕ್ರಗಳ ಓರೆಕೋರೆ ಸರಿಪಡಿಸುವ ಅಲೈನ್‌ಮೆಂಟ್ ಅಂಗಡಿಯ ಮಾಲೀಕರ ಹೆಸರು ದಾದಾಪೀರ. ಚಕ್ರಗಳಿಗೆ ಯಂತ್ರ ಕಟ್ಟಿದರು, ಕಂಪ್ಯೂಟರ್ ನೋಡಿದರು, ಕೆಳಗೆ ಮಲಗಿ ರಾಡುಗಳನ್ನು ಅಲ್ಲಾಡಿಸಿದರು. ಎದ್ದು ಬಂದು ಕೈ ಒರೆಸಿಕೊಂಡರು.

“ಜಾಯಿಂಟ್ ಸವದಾವು, ಬದಲಿ ಮಾಡ್ತೇನಿ. ಆದ್ರ ಮೂಲ ಅದಲ್ರಿ. ಸೈಕಲ್ಲಿನ ಮುಂದಿನ ಫೋರ್ಕ್ ಸ್ವಲ್ಪ ಓರೆ ಇರ್ತೈತಲ್ರಿ? ಅದಕ್ಕ ಕೈ ಬಿಟ್ಟರೂ ನೆಟ್ಟಗ ಹೋಗ್ತೈತಿ. ಗಾಡಿ ಎತ್ತರ ಮಾಡುವಾಗ ನಿಮ್ದು ಆ ಓರೆನ ಹೋಗಿಬಿಟ್ಟೈತಿ. ಅದಕ್ಕ ಸ್ಟೀರಿಂಗ್ ಅಲಿತೈತಿ.”

“ಈಗ ಏನ ಮಾಡಬೇಕ್ರಿ?” ಎಂದ ಶಿವಾನಂದ.

“ಎರಡು ದಾರಿ ಅದಾವ. ಸ್ಪ್ರಿಂಗಿಗೂ ಚಕ್ರದ ಅಚ್ಚಿಗೂ ನಡುವ ಕಬ್ಬಿಣದ ಬೆಣೆ ಕೊಟ್ಟು ಓರೆ ತರಬಹುದು, ಎತ್ತರ ಹಂಗ ಇರ್ತೈತಿ. ಇಲ್ಲಾ ಗಾಡಿ ಕೆಳಗ ಇಳಿಸಿ ಮೊದಲಿನಂಗ ಮಾಡಬಹುದು. ಎರಡೂ ಸರಿ. ನೀವ ಹೇಳ್ರಿ.”

ಶಿವಾನಂದ ಕಾಲೆಳೆಯುತ್ತ ಡ್ರೈವರ್ ಬಾಗಿಲ ಬಳಿ ಹೋದ. ಎಡಗೈಯಿಂದ ಹಿಡಿಕೆ ಹಿಡಿದ. ಒಂದು ಕಾಲು ಮೇಲಿಟ್ಟ. ಇನ್ನೊಂದನ್ನು ಎತ್ತಲು ಬಲಗೈಯ ಆಸರೆ ಬೇಕಿತ್ತು. ಒಮ್ಮೆ ಪ್ರಯತ್ನಿಸಿದ. ಮತ್ತೊಮ್ಮೆ ಪ್ರಯತ್ನಿಸಿದ. ಸುಮಂಗಲಾ ಸ್ಟೂಲ್ ತೆಗೆದುಕೊಂಡು ಓಡಿದರು.

“ಬ್ಯಾಡ,” ಎಂದ. ಕೆಳಗಿಳಿದ. ಬಾನೆಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ದಾದಾಪೀರ ಅವರಿಗೆ ಹೇಳಿದ, “ಇಳಿಸಿಬಿಡ್ರಿ.”

ಚಹದಂಗಡಿಯಲ್ಲಿ ಕಾಯುತ್ತ ಕುಳಿತಾಗ ನನ್ನ ಕಡೆ ತಿರುಗದೆಯೇ ಅಂದ, “ಮ್ಯಾಲ ಕುಂತಾಗ ಊರು ಬ್ಯಾರೆನ ಕಾಣತಿತ್ತು ಲೇ.”

ನನ್ನ ಮನೆಯ ಅಟ್ಟದ ಮೇಲೂ ವಾಲಿಬಾಲ್ ಬೂಟುಗಳಿವೆ. ಮಂಡಿ ನೋವಿನ ಗುಳಿಗೆ ನುಂಗುತ್ತಲೇ ವರ್ಷಕ್ಕೊಮ್ಮೆ ಅವಕ್ಕೆ ಪಾಲಿಶ್ ಮಾಡುತ್ತೇನೆ. (ಹೆಂಡತಿ ನೋಡಿಯೂ ನೋಡದಂತೆ ಇರುತ್ತಾಳೆ. ಒಳ್ಳೆಯವಳು.) ನಿಮ್ಮಲ್ಲೂ ಇಂಥದ್ದೇನೋ ಇರುತ್ತದೆ. ಶ್ರುತಿ ತಪ್ಪಿದ ಹಾರ್ಮೋನಿಯಂ, ಹೊಟ್ಟೆಗೆ ಹಿಡಿಸದ ಮದುವೆಯ ಸೂಟು. ನಾವು ಅವನ್ನು ಎಸೆಯುವುದಿಲ್ಲ, ಬಳಸುವುದೂ ಇಲ್ಲ. ಶಿವಾನಂದ ಮೂರನೆಯದೊಂದನ್ನು ಮಾಡಿದ. ತನ್ನ ಈಗಿನ ಅಳತೆಗೆ ಅದನ್ನು ತಂದುಕೊಂಡ. ಹಾಗೆ ತರುವಾಗ ಕರುಳು ಹೇಗಿರುತ್ತದೆ ಎಂಬುದನ್ನು ಅವತ್ತು ಅವನ ಮುಖದಲ್ಲಿ ನೋಡಿದೆ.

ಮುಂದಿನ ಭಾನುವಾರ ಬಾದಾಮಿ ಹತ್ತಿರದ ಚೊಳಚಗುಡ್ಡದ ಆಚೆ, ಪರಿಚಯದವರ ಬೀಳು ಹೊಲಕ್ಕೆ ಹೋದೆವು. ಜೀಪು ಈಗ ಉಳಿದೆಲ್ಲ ಜೀಪುಗಳ ಹಾಗೆಯೇ ಕಾಣುತ್ತಿತ್ತು. ದಾರಿಯುದ್ದಕ್ಕೂ ಸ್ಟೀರಿಂಗ್ ಹಸುವಿನ ಹಾಗಿತ್ತು. ಹೊಲದಲ್ಲಿ ನಾನು ಇಳಿದೆ. ಶಿವಾನಂದ ಈ ಕಡೆ ಬಂದ. ಎಡಗೈಯಿಂದ ಹಿಡಿಕೆ ಹಿಡಿದು, ಒಬ್ಬನೇ, ನಿಧಾನವಾಗಿ ಹತ್ತಿ ಕುಳಿತ. ಸುಮಂಗಲಾ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಬೇವಿನ ಮರದ ಕಡೆ ನಡೆದರು.

ಇರುವ ಒಂದು ಕೈ ಸ್ಟೀರಿಂಗಿಗೆ. ಹಾಗಾದರೆ ಗೇರ್? ಅದು ಪಕ್ಕದ ಸೀಟಿನಲ್ಲಿ ಕುಳಿತ ನನ್ನ ಪಾಲಿಗೆ ಬಂತು.

“ಕ್ಲಚ್ ತುಳಿದೇನಿ. ಹಾಕು.”

ಹಾಕಿದೆ. ಜೀಪು ಹೊರಟಿತು. ಒಂದೇ ಗಾಡಿಯನ್ನು ಇಬ್ಬರು ಐವತ್ತು ದಾಟಿದ ಗಂಡಸರು ಓಡಿಸುವುದನ್ನು ಒಂದು ಎಮ್ಮೆ ಮೇಯುವುದನ್ನು ಬಿಟ್ಟು ನೋಡಿತು. ಎರಡನೇ ಗೇರಿಗೆ ಬಂದೆವು. ಅವನು ಸ್ಟೀರಿಂಗಿನಿಂದ ಕೈಯನ್ನು ಒಂದಿಷ್ಟು ಮೇಲೆತ್ತಿದ. ಜೀಪು ನೆಟ್ಟಗೆ ಹೋಯಿತು.

“ನೋಡು, ತಾನ ಹೊಂಟೈತಿ,” ಎಂದ. ಕೈಯನ್ನು ಮತ್ತೆ ಸ್ಟೀರಿಂಗ್ ಮೇಲಿಟ್ಟು, “ನನ್ನ ಕೈಯಾಗ ಎಂದೂ ಹಿಂಗ ಹೋಗಿದ್ದಿಲ್ಲ.”

ಸಂತೋಷವೋ ದುಃಖವೋ ನನಗೆ ತಿಳಿಯಲಿಲ್ಲ. ಬಹುಶಃ ಅವನಿಗೂ.

ಹೊಲ ಮುಗಿಯುವಲ್ಲಿ ಗುಡ್ಡ ಶುರುವಾಗುತ್ತದೆ. ನಾವು ಹತ್ತುತ್ತಿದ್ದ ಹಳೆಯ ದಾರಿ ಅಲ್ಲೇ ಇದೆ, ಕಲ್ಲುಗಳ ನಡುವೆ ಕೆಂಪಗೆ. ಈಗ ಮೊದಲ ಕಲ್ಲಿಗೇ ಜೀಪಿನ ಹೊಟ್ಟೆ ತಾಗುತ್ತದೆ. ಅವನು ಬ್ರೇಕ್ ಹಾಕಿದ. ಇಂಜಿನ್ ಆರಿಸಲಿಲ್ಲ.

“ಆ ತಿರುವಿನ ಆಚಿ ಹಾಸುಗಲ್ಲು ಐತಲ್ಲ, ಅಲ್ಲಿಂದ ಬಾದಾಮಿ ಕೆರಿ ಪೂರಾ ಕಾಣತಿತ್ತು.”

“ನಡಕೊಂಡು ಹೋಗೂಣೇನು?”

“ಇವತ್ತ ಬ್ಯಾಡ.”

ಗುಡ್ಡವನ್ನೇ ನೋಡುತ್ತ ಕುಳಿತ. ಬಿಸಿಲು ಕಲ್ಲಿನ ಮೇಲೆ ಇಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಕ್ಲಚ್ ತುಳಿದು, “ರಿವರ್ಸ್ ಹಾಕು,” ಎಂದ.

ನನ್ನ ಕೈ ಗೇರ್ ಮೇಲೆಯೇ ಇತ್ತು. ನಾನು ಹಾಕಲಿಲ್ಲ. ಅವನೂ ಇನ್ನೊಮ್ಮೆ ಹೇಳಲಿಲ್ಲ.

ಹಿಂದಕ್ಕೆ ಹೋಗೋಣ ಎಂದು ಗೆಳೆಯ ಹೇಳಿದಾಗ ಯಾರ ಕೈಗೆ ತಾನೇ ಅವಸರವಿರುತ್ತದೆ?